ಹತ್ತು ಸೆಕೆಂಡಿನ ಹಾರಾಟ, ಒಂದು ಜೀವಮಾನದ ಸಾಧನೆ: ಆಂಟೋನಿಯೊ ಫೆರ್ರಿ

ವಿಮಾನಯಾನದ ಚರಿತ್ರೆಯಲ್ಲಿ ಚಾಲಕರ ಹೆಸರುಗಳು ಜನಮನದಲ್ಲಿ ನೆಲೆಸಿದಂತೆ, ಯಂತ್ರದೊಳಗೆ ನುಗ್ಗುವ ಗಾಳಿಯ ಗುಣವನ್ನು ಅರಿಯಲು ಜೀವನ ಸವೆಸಿದವರ ಹೆಸರುಗಳು ನೆಲೆಸಿಲ್ಲ. ಅಂಥವರಲ್ಲಿ ಅಗ್ರಗಣ್ಯರು ಇಟಲಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆ ನಿಂತ ಆಂಟೋನಿಯೊ ಫೆರ್ರಿ. ಶಬ್ದದ ವೇಗಕ್ಕಿಂತ ಐದು ಪಟ್ಟು, ಹತ್ತು ಪಟ್ಟು ವೇಗದಲ್ಲಿ ವಾತಾವರಣದ ಗಾಳಿಯನ್ನೇ ಉಸಿರಾಡುತ್ತ ಸಾಗುವ ಎಂಜಿನ್ ಸಾಧ್ಯವೆಂದು ಅವರು ನಂಬಿದ್ದರು. ನಂಬಿದ್ದಷ್ಟೇ ಅಲ್ಲ, ಅದನ್ನು ಪ್ರಯೋಗಶಾಲೆಯಲ್ಲಿ ಉರಿಸಿಯೂ ತೋರಿಸಿದ್ದರು. ಆದರೆ ಅದು ಆಕಾಶದಲ್ಲಿ ಹಾರಿದ್ದನ್ನು ನೋಡುವ ಭಾಗ್ಯ ಅವರಿಗೆ ಒದಗಲಿಲ್ಲ. ಅವರು ತೀರಿಕೊಂಡು 28 ವರ್ಷಗಳು ಕಳೆದ ಮೇಲೆ, ಅವರೇ ಕಟ್ಟಿದ ಸಂಸ್ಥೆಯಲ್ಲಿ ತಯಾರಾದ ಎಂಜಿನ್ ಹೊತ್ತ ಮಾನವರಹಿತ ವಿಮಾನವೊಂದು ಶಾಂತಸಾಗರದ ಮೇಲೆ ಆ ಮಾತನ್ನು ರುಜುವಾತುಪಡಿಸಿತು.

ನೊರ್ಚಿಯಾದಿಂದ ಗ್ವಿದೋನಿಯಾಗೆ

ಆಂಟೋನಿಯೊ ಫೆರ್ರಿ ಹುಟ್ಟಿದ್ದು 1912ರ ಏಪ್ರಿಲ್ 5ರಂದು, ಮಧ್ಯ ಇಟಲಿಯ ಅಪೆನೈನ್ ಬೆಟ್ಟಸಾಲಿನ ನಡುವೆ ಇರುವ ನೊರ್ಚಿಯಾ ಎಂಬ ಹಳೆಯ ಊರಿನಲ್ಲಿ. ಪಾಶ್ಚಾತ್ಯ ಕ್ರೈಸ್ತ ಸನ್ಯಾಸ ಪರಂಪರೆಗೆ ಅಡಿಪಾಯ ಹಾಕಿದ ಸಂತ ಬೆನೆಡಿಕ್ಟರ ಜನ್ಮಸ್ಥಳವೆಂದು ಆ ಊರಿಗೆ ಖ್ಯಾತಿ. ರೋಮ್ ವಿಶ್ವವಿದ್ಯಾಲಯದಲ್ಲಿ ಫೆರ್ರಿಯವರು ಮೊದಲು ವಿದ್ಯುತ್ ಎಂಜಿನಿಯರಿಂಗ್, ಬಳಿಕ ವಿಮಾನ ಎಂಜಿನಿಯರಿಂಗ್ ವ್ಯಾಸಂಗ ಮಾಡಿದರು. 1936ರ ವೇಳೆಗೆ ಅವರ ವ್ಯಾಸಂಗ ಮುಗಿದಿತ್ತು.

ಆ ಕಾಲದ ಇಟಲಿಯಲ್ಲಿ ವಿಮಾನಶಾಸ್ತ್ರಕ್ಕೆ ಅಪಾರ ಮನ್ನಣೆಯಿತ್ತು. 1935ರ ಶರತ್ಕಾಲದಲ್ಲಿ ರೋಮ್ ನಗರದಲ್ಲಿ ವೋಲ್ಟಾ ಸಮ್ಮೇಳನ ಜರುಗಿತು. ಅಧಿಕ ವೇಗದ ಹಾರಾಟವೇ ಅದರ ವಿಷಯ. ಲುಡ್ವಿಗ್ ಪ್ರಾಂಟಲ್, ಥಿಯೊಡೋರ್ ಫಾನ್ ಕಾರ್ಮಾನ್, ಜೆಫ್ರಿ ಟೇಲರ್, ಯಾಕೋಬ್ ಆಕರೆಟ್ ಮೊದಲಾದ ಘಟಾನುಘಟಿಗಳು ಅಲ್ಲಿ ನೆರೆದಿದ್ದರು. ವಿಮಾನದ ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಿದರೆ ಶಬ್ದಾತೀತ ವೇಗದಲ್ಲಿ ಅನುಕೂಲವೆಂಬ ವಿಚಾರವನ್ನು ಜರ್ಮನಿಯ ಅಡಾಲ್ಫ್ ಬುಸೆಮಾನ್ ಮಂಡಿಸಿದ್ದು ಆ ಸಭೆಯಲ್ಲೇ. ಅತ್ಯಂತ ವೇಗದ ವಿಮಾನಗಳೂ ಶಬ್ದದ ವೇಗವನ್ನು ಮುಟ್ಟದಿದ್ದ ದಿನಗಳವು. ಆದುದರಿಂದ ಶಬ್ದಾತೀತ ಹಾರಾಟವೆಂದರೆ ಹೆಚ್ಚಿನವರಿಗೆ ಕಾಗದದ ಮೇಲಿನ ಕುತೂಹಲವಷ್ಟೇ ಆಗಿತ್ತು.

ರೋಮ್ ನಗರದ ಹೊರವಲಯದಲ್ಲಿ ಮುಸೊಲಿನಿ ಸರ್ಕಾರ ಆಗ ಗ್ವಿದೋನಿಯಾ ಎಂಬ ಸಂಶೋಧನಾ ನಗರವನ್ನು ಕಟ್ಟುತ್ತಿತ್ತು. 1928ರಲ್ಲಿ ಅದೇ ಜಾಗದಲ್ಲಿ ಹೊಸ ಬಗೆಯ ಪ್ಯಾರಾಚೂಟನ್ನು ಪರೀಕ್ಷಿಸಲು ಹೋಗಿ ಪ್ರಾಣ ಬಿಟ್ಟ ವಾಯುಪಡೆಯ ಅಧಿಕಾರಿ ಅಲೆಸ್ಸಾಂಡ್ರೊ ಗ್ವಿದೋನಿ ಅವರ ಹೆಸರನ್ನು ಅದಕ್ಕಿಡಲಾಗಿತ್ತು. ಸ್ವಿಟ್ಜರ್ಲೆಂಡಿನ ಆಕರೆಟ್ ಅವರ ನೆರವಿನಿಂದ ರೂಪಿಸಿದ ಶಬ್ದಾತೀತ ವಾಯುಸುರಂಗ ಅಲ್ಲಿ ಸಜ್ಜಾಯಿತು. ವಾಯುಸುರಂಗವೆಂದರೆ ವಿಮಾನದ ಮಾದರಿಯನ್ನು ಕದಲದಂತೆ ನಿಲ್ಲಿಸಿ, ಅದರ ಮೇಲೆ ಅತಿವೇಗದ ಗಾಳಿಯನ್ನು ಹಾಯಿಸಿ ಪರಿಣಾಮಗಳನ್ನು ಅಳೆಯುವ ಏರ್ಪಾಡು. 1937ರಿಂದ ಫೆರ್ರಿಯವರ ಕಾರ್ಯಕ್ಷೇತ್ರ ಈ ಸುರಂಗವೇ ಆಯಿತು. ಇನ್ನೂ ಮೂವತ್ತು ತುಂಬದ ತರುಣ ಅದರ ಹೊಣೆ ಹೊತ್ತರು.

ಗ್ವಿದೋನಿಯಾ ಫ್ಯಾಸಿಸ್ಟ್ ಆಡಳಿತದ ಪ್ರತಿಷ್ಠೆಯ ಕೂಸು ಎಂಬುದನ್ನು ಮರೆಯುವಂತಿಲ್ಲ. ಅಲ್ಲಿನ ಹಣ, ಸವಲತ್ತು, ಯಂತ್ರೋಪಕರಣ ಎಲ್ಲವೂ ಯುದ್ಧದಾಹಿ ಸರ್ಕಾರವೊಂದರ ಕೊಡುಗೆ. ಆ ಸವಲತ್ತುಗಳನ್ನು ಬಳಸಿಕೊಂಡೇ ಫೆರ್ರಿಯವರು ಜಗತ್ತಿನ ಗಮನ ಸೆಳೆದ ಪ್ರಯೋಗಗಳನ್ನು ನಡೆಸಿದರು. 1939ರಲ್ಲಿ ಅವರು ಶಬ್ದಾತೀತ ವೇಗದಲ್ಲಿ ರೆಕ್ಕೆಯ ಅಡ್ಡಕೊಯ್ತಗಳನ್ನು ಪರೀಕ್ಷಿಸಿದ ಫಲಿತಾಂಶಗಳನ್ನು ಪ್ರಕಟಿಸಿದರು. ಬುಸೆಮಾನರ ಲೆಕ್ಕಾಚಾರ ಬಹುಮಟ್ಟಿಗೆ ಸರಿಯಿದೆ, ಆದರೆ ರೆಕ್ಕೆಯ ಹಿಂಭಾಗದಲ್ಲಿ ಅದು ತಪ್ಪುತ್ತದೆ ಎಂದು ಆ ಅಳತೆಗಳು ತಿಳಿಸಿದವು. ಮೇಲ್ಮೈಗೆ ಅಂಟಿಕೊಂಡು ಹರಿಯುವ ಗಾಳಿಯ ತೆಳುಪದರವನ್ನು ಆಘಾತ ತರಂಗವು ಅಲ್ಲಿ ಎಬ್ಬಿಸಿ ಬೇರ್ಪಡಿಸುತ್ತಿತ್ತು. ಲೆಕ್ಕದಲ್ಲಿ ಕಾಣದ್ದು ಪ್ರಯೋಗದಲ್ಲಿ ಕಂಡಿತ್ತು. ಅಮೆರಿಕದ ವಿಮಾನಯಾನ ಸಲಹಾ ಸಮಿತಿ ಈ ಲೇಖನವನ್ನು 1940ರಲ್ಲೇ ಇಂಗ್ಲಿಷಿಗೆ ಭಾಷಾಂತರಿಸಿ ತನ್ನ ಎಂಜಿನಿಯರುಗಳಿಗೆ ಹಂಚಿತು. ಮುಂದಿನ ವರ್ಷ ಉಭಯ ದೇಶಗಳು ಯುದ್ಧಭೂಮಿಯಲ್ಲಿ ಎದುರಾಳಿಗಳಾದವು.

ಪ್ರಯೋಗಶಾಲೆಯಿಂದ ಬೆಟ್ಟಕ್ಕೆ

1943ರ ಸೆಪ್ಟೆಂಬರ್ 8ರಂದು ಇಟಲಿಯು ಮಿತ್ರರಾಷ್ಟ್ರಗಳಿಗೆ ಶರಣಾದ ವಾರ್ತೆ ಹೊರಬಿತ್ತು. ನಿನ್ನೆಯವರೆಗೆ ಮಿತ್ರರಾಗಿದ್ದ ಜರ್ಮನರು ಹಗಲು ರಾತ್ರಿ ಕಳೆಯುವಷ್ಟರಲ್ಲಿ ದೇಶವನ್ನು ಆಕ್ರಮಿಸಿಕೊಳ್ಳತೊಡಗಿದರು. ಗ್ವಿದೋನಿಯಾ ಅವರ ಪಾಲಿಗೆ ಕೈಗೆಟಕುವ ನಿಧಿಯಾಗಿತ್ತು. ಶಬ್ದಾತೀತ ವೇಗದ ಅಷ್ಟು ಮಾಹಿತಿ ಒಂದೆಡೆ ದೊರಕುವ ಸ್ಥಳಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟಿದ್ದವು.

ಫೆರ್ರಿಯವರ ಮುಂದೆ ಆಗ ಮೂರು ದಾರಿಗಳಿದ್ದವು. ಜರ್ಮನರ ಕೈಕೆಳಗೆ ಕೆಲಸ ಮುಂದುವರಿಸಬಹುದಿತ್ತು. ಎಲ್ಲವನ್ನೂ ಬಿಟ್ಟು ಎಲ್ಲಾದರೂ ತಲೆ ಮರೆಸಿಕೊಳ್ಳಬಹುದಿತ್ತು. ಅವರು ಆರಿಸಿಕೊಂಡದ್ದು ಮೂರನೆಯದನ್ನು. ತಾವೇ ವರ್ಷಗಟ್ಟಲೆ ದುಡಿದ ಪ್ರಯೋಗಶಾಲೆಯ ಉಪಕರಣಗಳನ್ನು ಹಾಳುಗೆಡವಿ, ಮುಖ್ಯವಾದ ಸಂಶೋಧನಾ ದಾಖಲೆಗಳನ್ನು ಹೊತ್ತೊಯ್ದು ಬಚ್ಚಿಟ್ಟರು. ಬಳಿಕ ಅಪೆನೈನ್ ಬೆಟ್ಟಗಳನ್ನು ಸೇರಿ, ಜರ್ಮನ್ ಸೇನೆಯ ವಿರುದ್ಧ ಗೆರಿಲ್ಲಾ ಕಾಳಗ ನಡೆಸುತ್ತಿದ್ದ ಪ್ರತಿರೋಧ ದಳವೊಂದರಲ್ಲಿ ಮುಂದಾಳಾದರು. ಮೂವತ್ತೊಂದು ವರ್ಷದ ವಿಜ್ಞಾನಿ ಬಂದೂಕು ಹಿಡಿದು ಚಳಿಗಾಲವನ್ನು ಬೆಟ್ಟಗಳಲ್ಲಿ ಕಳೆದರು. ಬಚ್ಚಿಟ್ಟ ಕಾಗದಗಳು ಸಿಕ್ಕಿಬಿದ್ದಿದ್ದರೆ ಅವರ ಪ್ರಾಣಕ್ಕೂ ಅವರೊಡನಿದ್ದವರ ಪ್ರಾಣಕ್ಕೂ ಸಂಚಕಾರ ಬರುವುದರಲ್ಲಿ ಸಂಶಯವಿರಲಿಲ್ಲ.

1944ರ ಜೂನ್ 4ರಂದು ಮಿತ್ರಸೇನೆಗಳು ರೋಮ್ ನಗರವನ್ನು ಪ್ರವೇಶಿಸಿದವು. ಅವುಗಳ ಬೆನ್ನಲ್ಲೇ ಬಂದವರಲ್ಲಿ ಮೋ ಬರ್ಗ್ ಎಂಬ ವಿಲಕ್ಷಣ ಗೂಢಚಾರರಿದ್ದರು. ಬರ್ಗ್ ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಆಟಗಾರರಾಗಿದ್ದವರು, ಹಲವು ಭಾಷೆಗಳನ್ನು ಬಲ್ಲ ಪದವೀಧರರು. ಶತ್ರು ಪಾಳೆಯದ ವಿಜ್ಞಾನಿಗಳು ಏನೇನು ಮಾಡುತ್ತಿದ್ದಾರೆಂದು ಪತ್ತೆ ಹಚ್ಚುವುದು ಅವರಿಗೆ ಒಪ್ಪಿಸಿದ ಕೆಲಸ. ಅವರು ಹುಡುಕಿದವರಲ್ಲಿ ಫೆರ್ರಿ ಒಬ್ಬರು. ಬರ್ಗ್ ಅವರ ಮೂಲಕ ಆ ದಾಖಲೆಗಳೂ ಅವುಗಳ ಕರ್ತೃವೂ ಅಮೆರಿಕದ ವಶಕ್ಕೆ ಬಂದರು. 1944 ಮುಗಿಯುವ ಮುನ್ನವೇ ಫೆರ್ರಿಯವರು ಅಟ್ಲಾಂಟಿಕ್ ಸಾಗರವನ್ನು ದಾಟಿ, ವರ್ಜೀನಿಯಾ ರಾಜ್ಯದ ಲ್ಯಾಂಗ್ಲಿ ಪ್ರಯೋಗಶಾಲೆಯನ್ನು ತಲುಪಿದರು.

ಹೊಸ ನೆಲ, ಹಳೆಯ ಪ್ರಶ್ನೆ

ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಬಂದ ಜರ್ಮನ್ ರಾಕೆಟ್ ತಜ್ಞರ ಕತೆ ಲೋಕಪ್ರಸಿದ್ಧ. ಫೆರ್ರಿಯವರು ಅವರಿಗಿಂತ ಮುಂಚೆಯೇ, ಯುದ್ಧ ನಡೆಯುತ್ತಿರುವಾಗಲೇ ಬಂದವರು. ಶಬ್ದಾತೀತ ವಾಯುಸುರಂಗದಲ್ಲಿ ವರ್ಷಗಟ್ಟಲೆ ಕೈಯಾರೆ ಪ್ರಯೋಗ ನಡೆಸಿದ ಅನುಭವ ಅಮೆರಿಕದಲ್ಲಿ ಆಗ ವಿರಳ. ಲ್ಯಾಂಗ್ಲಿಯಲ್ಲಿ ಅವರು ಅನಿಲಗತಿ ವಿಭಾಗದಲ್ಲಿ ಮುಂಚೂಣಿಗೆ ಬಂದರು. 1949ರಲ್ಲಿ ಶಬ್ದಾತೀತ ಪ್ರವಾಹಗಳ ಮೂಲತತ್ವಗಳನ್ನು ಕುರಿತ ಅವರ ಗ್ರಂಥ ಪ್ರಕಟವಾಗಿ, ಆ ಕಾಲದ ವಿದ್ಯಾರ್ಥಿಗಳಿಗೆ ಆಧಾರವಾಯಿತು. ಗಾಳಿಗೆ ಓರೆಯಾಗಿ ನಿಂತ ಶಂಕುವಿನ ಸುತ್ತ ಪ್ರವಾಹ ಹೇಗೆ ವರ್ತಿಸುತ್ತದೆ ಎಂಬ ಗಣಿತದ ತೊಡಕನ್ನು ಬಿಡಿಸುವಾಗ ಅವರು ಗುರುತಿಸಿದ ವಿಶೇಷ ಪದರಕ್ಕೆ ಶಾಸ್ತ್ರಜ್ಞರು ಅವರ ಹೆಸರನ್ನೇ ಇಟ್ಟರು.

ಆದರೆ ಫೆರ್ರಿಯವರ ಮನಸ್ಸು ವಾಲಿದ್ದು ವಿಮಾನದ ಹೊರಮೈಗಿಂತ ಹೆಚ್ಚಾಗಿ ಅದರ ಬಾಯಿಯ ಕಡೆಗೆ, ಎಂದರೆ ಗಾಳಿ ಎಂಜಿನ್‌ನೊಳಕ್ಕೆ ಹೋಗುವ ದ್ವಾರದ ಕಡೆಗೆ. ಶಬ್ದಾತೀತ ವೇಗದಲ್ಲಿ ಬರುವ ಗಾಳಿಯನ್ನು ಒಮ್ಮೆಗೇ ತಡೆದರೆ ಅದರ ಶಕ್ತಿಯ ದೊಡ್ಡ ಪಾಲು ಆಘಾತ ತರಂಗದಲ್ಲಿ ವ್ಯರ್ಥವಾಗುತ್ತದೆ. ಹಂತಹಂತವಾಗಿ, ದುರ್ಬಲ ತರಂಗಗಳ ಮೂಲಕ ಅದನ್ನು ಒತ್ತಿದರೆ ನಷ್ಟ ಕಡಿಮೆ. ಈ ತತ್ವದ ಮೇಲೆ ಅವರು ರೂಪಿಸಿದ ಗಾಳಿದ್ವಾರದ ವಿನ್ಯಾಸವನ್ನು ರಿಪಬ್ಲಿಕ್ ಕಂಪನಿಯ ಎಫ್-105 ಯುದ್ಧವಿಮಾನದಲ್ಲಿ ಅಳವಡಿಸಲಾಯಿತು. ರೆಕ್ಕೆಯ ಬುಡದಲ್ಲಿ ಮುಂದಕ್ಕೆ ಚಾಚಿದ ಚೂಪಾದ ಅಂಚುಗಳಿಂದ ಆ ವಿಮಾನವನ್ನು ಇಂದಿಗೂ ಸುಲಭವಾಗಿ ಗುರುತಿಸಬಹುದು.

1951ರಲ್ಲಿ ಅವರು ಸರ್ಕಾರಿ ಪ್ರಯೋಗಶಾಲೆಯನ್ನು ಬಿಟ್ಟು ನ್ಯೂಯಾರ್ಕಿನ ಬ್ರೂಕ್ಲಿನ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಲಾಂಗ್ ಐಲೆಂಡಿನ ಫ್ರೀಪೋರ್ಟಿನಲ್ಲಿದ್ದ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಹೈಪರ್‌ಸಾನಿಕ್ ವೇಗದ ಸುರಂಗಗಳ ಕೆಲಸ ಭರದಿಂದ ಸಾಗಿತು. ಶಬ್ದದ ಐದು ಪಟ್ಟಿಗೂ ಮೀರಿದ ವೇಗಕ್ಕೆ ಹೈಪರ್‌ಸಾನಿಕ್ ಎಂಬ ಹೆಸರು ಬಳಕೆಗೆ ಬಂದುದು ಚೀನಾ ಮೂಲದ ವಿಜ್ಞಾನಿ ಚಿಯೆನ್ ಶುಯೆಸೆನ್ ಅವರು 1946ರಲ್ಲಿ ಬರೆದ ಲೇಖನದಿಂದ. ಆ ಹೆಸರು ಸೂಚಿಸುತ್ತಿದ್ದ ಹೊಸ ಲೋಕದ ಒಳಗೆ ಫೆರ್ರಿಯವರು ಕಾಲಿಟ್ಟಿದ್ದರು. 1956ರಲ್ಲಿ ಹಿರಿಯರಾದ ಫಾನ್ ಕಾರ್ಮಾನ್ ಅವರೊಡಗೂಡಿ ಲಾಂಗ್ ಐಲೆಂಡಿನಲ್ಲಿ ಜನರಲ್ ಅಪ್ಲೈಡ್ ಸೈನ್ಸ್ ಲ್ಯಾಬೊರೇಟರೀಸ್ ಎಂಬ ಸಂಸ್ಥೆಯನ್ನು ಅವರು ಸ್ಥಾಪಿಸಿದರು. ಜಿಎಎಸ್‌ಎಲ್ ಎಂಬ ಮೊದಲಕ್ಷರಗಳ ಹ್ರಸ್ವನಾಮವೇ ಅದಕ್ಕೆ ಶಾಶ್ವತವಾಯಿತು.

ಬಿರುಗಾಳಿಗೆ ಒಡ್ಡಿದ ದೀಪ

ಫೆರ್ರಿಯವರು ಕೈಗೆತ್ತಿಕೊಂಡ ಸಮಸ್ಯೆ ಯಾವುದೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ರಾಕೆಟ್ ತನ್ನ ಇಂಧನವನ್ನಷ್ಟೇ ಅಲ್ಲ, ಅದನ್ನು ಉರಿಸುವ ಆಮ್ಲಜನಕವನ್ನೂ ಹೊತ್ತೊಯ್ಯುತ್ತದೆ. ದ್ರವ ಜಲಜನಕವನ್ನು ಉರಿಸುವ ರಾಕೆಟ್‌ನಲ್ಲಿ ಆಮ್ಲಜನಕದ ತೂಕ ಇಂಧನದ ತೂಕದ ಐದಾರು ಪಟ್ಟು. ವಾತಾವರಣದಲ್ಲಿ ಆಮ್ಲಜನಕ ಧಾರಾಳವಾಗಿ ಇರುವಾಗ ಅದನ್ನು ಹೊತ್ತೊಯ್ಯುವುದೇಕೆ? ಹಾರುತ್ತ ಹಾರುತ್ತಲೇ ಗಾಳಿಯನ್ನು ಸೇವಿಸುವ ಎಂಜಿನ್ ಇದ್ದರೆ ಆ ಹೊರೆಯೆಲ್ಲ ಇಳಿದಂತೆ.

ಜೆಟ್ ವಿಮಾನಗಳು ಮಾಡುವುದು ಇದನ್ನೇ. ಆದರೆ ತಿರುಗುವ ಚಕ್ರಗಳುಳ್ಳ ಜೆಟ್ ಎಂಜಿನ್ ಶಬ್ದದ ಮೂರು ಪಟ್ಟು ವೇಗದ ಆಸುಪಾಸಿನಲ್ಲಿ ಸೋಲತೊಡಗುತ್ತದೆ. ಚಕ್ರಗಳೇ ಇಲ್ಲದ ರ್ಯಾಮ್‌ಜೆಟ್ ಅದಕ್ಕಿಂತ ಮುಂದೆ ಹೋಗಬಲ್ಲದು. ಅದರಲ್ಲಿ ನುಗ್ಗಿಬರುವ ಗಾಳಿಯ ರಭಸವೇ ಗಾಳಿಯನ್ನು ಒತ್ತುತ್ತದೆ. ದಹನಕ್ಕೆ ಮುನ್ನ ಗಾಳಿಯ ವೇಗವನ್ನು ಶಬ್ದವೇಗಕ್ಕಿಂತ ಕೆಳಗೆ ಇಳಿಸಿಕೊಳ್ಳುವುದು ಅದರ ಕ್ರಮ. ಶಬ್ದದ ಆರು ಪಟ್ಟು ವೇಗದಲ್ಲಿ ಹೀಗೆ ತಡೆದರೆ ಗಾಳಿಯ ಉಷ್ಣತೆ ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ವೇಗ ಇನ್ನೂ ಹೆಚ್ಚಿದಂತೆ ಗಾಳಿಯ ಅಣುಗಳೇ ಒಡೆಯತೊಡಗುತ್ತವೆ. ಅಷ್ಟು ಕಾದ ಗಾಳಿಯಲ್ಲಿ ಇಂಧನ ಸುರಿದರೂ ಪ್ರಯೋಜನ ಅತ್ಯಲ್ಪ.

ಹಾಗಾದರೆ ಗಾಳಿಯನ್ನು ಅಷ್ಟೊಂದು ತಡೆಯದೆ, ಶಬ್ದಾತೀತ ವೇಗದಲ್ಲಿ ಹರಿಯುತ್ತಿರುವಾಗಲೇ ಅದರಲ್ಲಿ ಇಂಧನವನ್ನು ಉರಿಸಿದರೆ ಹೇಗೆ? ಇದೇ ಸ್ಕ್ರ್ಯಾಮ್‌ಜೆಟ್ ತತ್ವ. ಹೇಳುವುದು ಸುಲಭ, ಸಾಧಿಸುವುದು ಕಠಿಣ. ಗಾಳಿ ಎಂಜಿನ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾದುಹೋಗಲು ಹಿಡಿಯುವ ಕಾಲ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು. ಅಷ್ಟರೊಳಗೆ ಇಂಧನ ಗಾಳಿಯೊಡನೆ ಬೆರೆತು, ಹೊತ್ತಿಕೊಂಡು, ಪೂರ್ತಿ ಉರಿದು ನೂಕುಬಲ ಕೊಡಬೇಕು. ಬಿರುಗಾಳಿಗೆ ಒಡ್ಡಿದ ದೀಪವನ್ನು ಆರದಂತೆ ಕಾಯುವ ಕೆಲಸವೂ ಇದರ ಮುಂದೆ ಹಗುರವೇ ಸರಿ. ಅಂಥ ಪ್ರವಾಹದಲ್ಲಿ ಸ್ಥಿರವಾದ ದಹನ ಆಗದ ಮಾತೆಂದು ಅನೇಕ ತಜ್ಞರು ಭಾವಿಸಿದ್ದರು.

ಫೆರ್ರಿಯವರು ಇದಕ್ಕೆ ಉತ್ತರವನ್ನು ಮಿಶ್ರಣದಲ್ಲಿ ಕಂಡರು. ಗಾಳಿ ಸಾಕಷ್ಟು ಬಿಸಿಯಾಗಿದ್ದರೆ ಜಲಜನಕ ತಾನಾಗಿ ಹೊತ್ತಿಕೊಳ್ಳುತ್ತದೆ. ಆಮೇಲೆ ಉರಿಯ ಗತಿಯನ್ನು ನಿರ್ಧರಿಸುವುದು ಎರಡೂ ಎಷ್ಟು ಬೇಗ ಬೆರೆಯುತ್ತವೆ ಎಂಬುದು ಮಾತ್ರ. ಪ್ರಬಲವಾದ ಆಘಾತ ತರಂಗವನ್ನು ಎಬ್ಬಿಸದೆಯೇ ಶಬ್ದಾತೀತ ಪ್ರವಾಹದಲ್ಲಿ ಜಲಜನಕವನ್ನು ಸ್ಥಿರವಾಗಿ ಉರಿಸಬಹುದೆಂದು 1960ರ ಸುಮಾರಿನಲ್ಲಿ ಅವರ ತಂಡ ಪ್ರಯೋಗದಿಂದ ತೋರಿಸಿತು. ಉರಿಯುವಾಗ ಹುಟ್ಟುವ ಶಾಖವನ್ನೇ ಗಾಳಿಯನ್ನು ಒತ್ತುವ ಸಾಧನವಾಗಿ ಬಳಸಿಕೊಂಡರೆ ಎಂಜಿನ್‌ನ ಗೋಡೆಗಳನ್ನು ಚಲಿಸುವಂತೆ ಮಾಡುವ ಜಂಜಾಟ ತಪ್ಪುತ್ತದೆ ಎಂಬುದೂ ಅವರದೇ ಕಲ್ಪನೆ. 1964ರಲ್ಲಿ ಬ್ರಿಟನ್ನಿನ ರಾಯಲ್ ಏರೋನಾಟಿಕಲ್ ಸೊಸೈಟಿಯ ಲಾಂಚೆಸ್ಟರ್ ಸ್ಮಾರಕ ಉಪನ್ಯಾಸವನ್ನು ನೀಡುವ ಗೌರವ ಅವರಿಗೆ ಸಂದಾಗ ಅವರು ಆರಿಸಿಕೊಂಡ ವಿಷಯವೂ ಶಬ್ದಾತೀತ ದಹನವೇ. ಅದೇ ವರ್ಷದ ನವೆಂಬರಿನಲ್ಲಿ ಅವರ ಎಂಜಿನ್ ನೆಲದ ಮೇಲಿನ ಪರೀಕ್ಷೆಯಲ್ಲಿ ನಿವ್ವಳ ನೂಕುಬಲವನ್ನು ನೀಡಿತು. ಮುಂದೆ ಅದು 517 ಪೌಂಡಿಗೆ ಏರಿತು. ಇಟ್ಟುಕೊಂಡಿದ್ದ ಗುರಿಯ ನೂರಕ್ಕೆ ಎಂಬತ್ತು ಪಾಲು ಕೈಗೂಡಿದಂತಾಯಿತು.

ಸುರಂಗಕ್ಕೂ ಆಕಾಶಕ್ಕೂ ಇರುವ ಅಂತರ

ಇಷ್ಟಾದ ಮೇಲೆ ಉಳಿದದ್ದು ಹಾರಾಟವೊಂದೇ ಎಂದು ಯಾರಿಗಾದರೂ ಅನಿಸಬಹುದು. ಆದರೆ ಆ ಒಂದು ಹೆಜ್ಜೆ ನಲವತ್ತು ವರ್ಷಗಳನ್ನು ನುಂಗಿತು.

ಕಾರಣಗಳು ಹಲವು. ನೆಲದ ಮೇಲಿನ ಸುರಂಗಕ್ಕೆ ಅದರದೇ ಇತಿಮಿತಿಗಳಿವೆ. ಹೈಪರ್‌ಸಾನಿಕ್ ವೇಗದ ಗಾಳಿಯನ್ನು ಸೃಷ್ಟಿಸಲು ಅದನ್ನು ವಿಪರೀತ ಕಾಯಿಸಬೇಕು. ಇಂಧನ ಉರಿಸಿ ಕಾಯಿಸಿದರೆ ಗಾಳಿಯಲ್ಲಿ ನೀರಾವಿ ಮುಂತಾದುವು ಸೇರಿಕೊಂಡು, ಅದು ಆಕಾಶದ ಶುದ್ಧ ಗಾಳಿಯಂತೆ ವರ್ತಿಸುವುದಿಲ್ಲ. ಆಘಾತ ತರಂಗದಿಂದ ಕಾಯಿಸುವ ಸುರಂಗಗಳಲ್ಲಿ ಆ ದೋಷ ಕಡಿಮೆ, ಆದರೆ ಪ್ರಯೋಗ ಸೆಕೆಂಡಿನ ಸಾವಿರದ ಕೆಲವು ಭಾಗಗಳಲ್ಲಿ ಮುಗಿದುಹೋಗುತ್ತದೆ. ಮೇಲಾಗಿ ಸುರಂಗದಲ್ಲಿ ಎಂಜಿನ್ ಒಂದನ್ನೇ ನಿಲ್ಲಿಸಿ ಉರಿಸಬಹುದು. ಹಾರುವ ವಿಮಾನದಲ್ಲಿಯೋ, ಅದರ ಮೂತಿಯೇ ಎಂಜಿನ್‌ಗೆ ಗಾಳಿಯನ್ನು ಒತ್ತಿಕೊಡಬೇಕು, ಅದರ ಬಾಲವೇ ಹೊಗೆಯನ್ನು ಹೊರಚೆಲ್ಲುವ ಕೊಳವೆಯಾಗಬೇಕು. ವಿಮಾನ ಬೇರೆ, ಎಂಜಿನ್ ಬೇರೆ ಎಂಬ ಭೇದ ಅಲ್ಲಿ ಅಳಿಸಿಹೋಗುತ್ತದೆ. ಗ್ವಿದೋನಿಯಾದ ದಿನಗಳಲ್ಲಿ ಲೆಕ್ಕಕ್ಕೂ ಪ್ರಯೋಗಕ್ಕೂ ನಡುವೆ ಫೆರ್ರಿಯವರು ಕಂಡಿದ್ದ ಬಿರುಕು ಈಗ ಸುರಂಗಕ್ಕೂ ಆಕಾಶಕ್ಕೂ ನಡುವೆ ಕಾಣಿಸಿಕೊಂಡಿತ್ತು.

ಇನ್ನೊಂದು ಕಾರಣ, ಆ ಕಾಲದ ಅತಿಯಾದ ಮಹತ್ವಾಕಾಂಕ್ಷೆ. ರನ್‌ವೇಯಿಂದ ಏರಿ ನೇರವಾಗಿ ಕಕ್ಷೆ ಸೇರುವ ಏರೋಸ್ಪೇಸ್‌ಪ್ಲೇನ್ ಎಂಬ ವಾಹನಕ್ಕಾಗಿ ಅಮೆರಿಕದ ವಾಯುಪಡೆ ಯೋಜನೆ ಹಾಕಿಕೊಂಡಿತ್ತು. ರಿಪಬ್ಲಿಕ್ ಕಂಪನಿಯ ವಿನ್ಯಾಸಕಾರ, ಜಾರ್ಜಿಯಾ ಮೂಲದ ಅಲೆಕ್ಸಾಂಡರ್ ಕಾರ್ಟ್‌ವೆಲಿ ಅವರೊಡನೆ ಫೆರ್ರಿಯವರೂ ಆ ಕನಸಿನಲ್ಲಿ ಪಾಲುದಾರರಾದರು. ಸ್ಕ್ರ್ಯಾಮ್‌ಜೆಟ್ ವಿಮಾನವನ್ನು ಕಕ್ಷೆಯವರೆಗೂ ಒಯ್ಯಬಲ್ಲದೆಂಬ ಅವರ ಭರವಸೆ ಕೈಯಲ್ಲಿದ್ದ ಪುರಾವೆಗಿಂತ ಬಹಳ ಮುಂದಿತ್ತು. 1960ರ ದಶಕದ ಮಧ್ಯದ ಹೊತ್ತಿಗೆ ಯೋಜನೆ ಕೈಬಿಟ್ಟುಹೋಯಿತು. ಅಷ್ಟರಲ್ಲಿ ಚಂದ್ರಯಾನಕ್ಕೆ ರಾಕೆಟ್ಟೇ ಸಾಕೆಂಬುದು ನಿಶ್ಚಯವಾಗಿತ್ತು. ಹಣವೂ ಅತ್ತಲೇ ಹರಿಯಿತು.

ಹೈಪರ್‌ಸಾನಿಕ್ ವೇಗದ ಹಾರಾಟ ಪರೀಕ್ಷೆಗಳು ಆಗ ನಡೆಯುತ್ತಿರಲಿಲ್ಲವೆಂದಲ್ಲ. 1963ರಿಂದ 1965ರವರೆಗೆ ಅಸೆಟ್ ಎಂಬ ಆರು ಮಾನವರಹಿತ ವಾಹನಗಳೂ, 1966-67ರಲ್ಲಿ ಎಕ್ಸ್-23 ಎಂಬ ಮೂರು ವಾಹನಗಳೂ ರಾಕೆಟ್ ತುದಿಯಿಂದ ಹಾರಿ, ಸುಡುವ ಗಾಳಿಯಲ್ಲಿ ಲೋಹದ ಮತ್ತು ಕವಚದ ತಾಳಿಕೆಯನ್ನು ಪರೀಕ್ಷಿಸಿದವು. ಆದರೆ ಅವುಗಳಲ್ಲಿ ಗಾಳಿ ಸೇವಿಸುವ ಎಂಜಿನ್ ಇರಲಿಲ್ಲ. ಅಂಥ ಎಂಜಿನನ್ನು ಎಕ್ಸ್-15 ರಾಕೆಟ್ ವಿಮಾನಕ್ಕೆ ಜೋಡಿಸಿ ಹಾರಿಸಲು ನಾಸಾ ಯೋಚಿಸಿತ್ತು. ಅದಕ್ಕೆ ಪೀಠಿಕೆಯಾಗಿ 1967ರ ಅಕ್ಟೋಬರ್ 3ರಂದು ಡಮ್ಮಿ ಎಂಜಿನನ್ನು ಹೊತ್ತು ವಿಲಿಯಂ ನೈಟ್ ಹಾರಿದರು. ವೇಗ ಶಬ್ದದ 6.7 ಪಟ್ಟನ್ನು ಮುಟ್ಟಿತು. ಎಂಜಿನ್ ಸುತ್ತ ಎದ್ದ ಆಘಾತ ತರಂಗಗಳು ಒಂದರ ಮೇಲೊಂದು ಬಿದ್ದು, ಅದನ್ನು ಹಿಡಿದಿದ್ದ ಆಧಾರವನ್ನೇ ಸುಟ್ಟು ತೂತು ಮಾಡಿದವು. ಡಮ್ಮಿ ಎಂಜಿನ್ ಕಳಚಿ ಬಿತ್ತು. ನೈಟ್ ಸುರಕ್ಷಿತವಾಗಿ ನೆಲ ಮುಟ್ಟಿದರು. ಆರು ವಾರಗಳ ನಂತರ, ನವೆಂಬರ್ 15ರಂದು, ಇನ್ನೊಂದು ಎಕ್ಸ್-15 ಹತೋಟಿ ತಪ್ಪಿ ಆಕಾಶದಲ್ಲೇ ಒಡೆದು ಮೈಕೆಲ್ ಆಡಮ್ಸ್ ಅಸುನೀಗಿದರು. 1968ರಲ್ಲಿ ಎಕ್ಸ್-15 ಹಾರಾಟಗಳೇ ನಿಂತವು. ಸ್ಕ್ರ್ಯಾಮ್‌ಜೆಟ್ ಮತ್ತೆ ನೆಲದ ಪ್ರಯೋಗಶಾಲೆಗೆ ಮರಳಿತು.

ಕೊನೆಯ ವರ್ಷಗಳು

1967ರಲ್ಲಿ ಫೆರ್ರಿಯವರನ್ನು ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿ ಸದಸ್ಯರನ್ನಾಗಿ ಚುನಾಯಿಸಿತು. ಬ್ರೂಕ್ಲಿನ್ ಬಿಟ್ಟು ಅವರು ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಆಸ್ಟರ್ ಪೀಠದ ಪ್ರಾಧ್ಯಾಪಕರಾಗಿ ಪ್ರಯೋಗಶಾಲೆಯೊಂದನ್ನು ನಡೆಸಿದರು. ಹೈಪರ್‌ಸಾನಿಕ್ ಸಂಶೋಧನೆಗೆ ಧನಸಹಾಯ ಬತ್ತಿದಾಗಲೂ ಅವರು ಸುಮ್ಮನೆ ಕೂರಲಿಲ್ಲ. ಶಬ್ದಾತೀತ ಪ್ರಯಾಣಿಕ ವಿಮಾನಗಳು ನೆಲದ ಮೇಲೆ ಉಂಟುಮಾಡುವ ಸ್ಫೋಟದಂಥ ಸದ್ದನ್ನು ತಗ್ಗಿಸುವುದು ಹೇಗೆಂದು ಅಧ್ಯಯನ ಮಾಡಿದರು. ಸ್ಕ್ರ್ಯಾಮ್‌ಜೆಟ್ ಕುರಿತ ಬರವಣಿಗೆಯನ್ನೂ ನಿಲ್ಲಿಸಲಿಲ್ಲ. 1975ರ ಡಿಸೆಂಬರ್ 28ರಂದು, ಅರವತ್ತಮೂರನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಅವರ ಎಂಜಿನ್ ಒಂದು ಬಾರಿಯೂ ಹಾರಿರಲಿಲ್ಲ.

ಎಂಜಿನಿಯರಿಂಗ್ ಅಕಾಡೆಮಿಯ ಪರವಾಗಿ ಅವರಿಗೆ ಶ್ರದ್ಧಾಂಜಲಿ ಬರೆದವರು ಅಡಾಲ್ಫ್ ಬುಸೆಮಾನ್. ನಾಲ್ಕು ದಶಕಗಳ ಹಿಂದೆ ರೋಮ್ ನಗರದಲ್ಲಿ ಬಾಗಿದ ರೆಕ್ಕೆಯ ವಿಚಾರ ಮಂಡಿಸಿದ್ದ, ಯಾರ ಲೆಕ್ಕವನ್ನು ತರುಣ ಫೆರ್ರಿ ಸುರಂಗದಲ್ಲಿ ಒರೆಗೆ ಹಚ್ಚಿದ್ದರೋ ಅದೇ ಬುಸೆಮಾನ್. ಯುದ್ಧಾನಂತರ ಅವರೂ ಅಮೆರಿಕದಲ್ಲಿ ನೆಲೆಸಿದ್ದರು.

ಆಕಾಶದ ಸಾಕ್ಷ್ಯ

1986ರಲ್ಲಿ ಅಮೆರಿಕ ಮತ್ತೊಮ್ಮೆ ನೆಲದಿಂದ ಕಕ್ಷೆಗೆ ಹಾರುವ ಮಾನವಸಹಿತ ವಿಮಾನದ ಕನಸು ಕಂಡಿತು. ಎಕ್ಸ್-30 ಎಂಬ ಹೆಸರಿನ ಆ ಯೋಜನೆಯೂ 1990ರ ದಶಕದ ಮಧ್ಯದೊಳಗೆ ವಿಮಾನ ತಯಾರಾಗದೆಯೇ ಮುಗಿಯಿತು. ಎರಡು ಸಲದ ಸೋಲಿನಿಂದ ನಾಸಾ ಒಂದು ಪಾಠ ಕಲಿತಿತು. ದೊಡ್ಡ ವಾಹನ ಬೇಡ, ಚಾಲಕ ಬೇಡ, ಕಕ್ಷೆಯ ಮಾತೂ ಬೇಡ. ಸುರಂಗದ ಲೆಕ್ಕ ಆಕಾಶದಲ್ಲಿ ನಿಜವಾಗುತ್ತದೆಯೇ ಎಂಬ ಒಂದೇ ಪ್ರಶ್ನೆಗೆ ಉತ್ತರ ಕೊಡುವಷ್ಟು ಸಣ್ಣ ಮಾನವರಹಿತ ವಿಮಾನ ಸಾಕು. ಹೀಗೆ ಹುಟ್ಟಿದ್ದು ಎಕ್ಸ್-43ಎ.

ಅದರ ಉದ್ದ ಸುಮಾರು 3.7 ಮೀಟರ್, ತೂಕ ಸುಮಾರು 1,300 ಕಿಲೊ. ಅದು ಉರಿಸುವುದು ಜಲಜನಕವನ್ನು. ಅದರ ಎಂಜಿನ್ ತಯಾರಾದದ್ದು ಲಾಂಗ್ ಐಲೆಂಡಿನ ಜಿಎಎಸ್‌ಎಲ್ ಕಾರ್ಯಾಗಾರದಲ್ಲಿ. ಫೆರ್ರಿಯವರ ಕಾಲದ ನಂತರ ಸಂಸ್ಥೆಯ ಒಡೆತನ ಕೈಯಿಂದ ಕೈಗೆ ಹೋಗಿತ್ತು. ಆದರೂ ಶಬ್ದಾತೀತ ದಹನದ ವಿದ್ಯೆ ಅಲ್ಲಿ ನಿರಂತರವಾಗಿ ಉಳಿದುಬಂದಿತ್ತು. ವಿಮಾನವನ್ನು ಮೇಲಕ್ಕೆ ಒಯ್ಯುತ್ತಿದ್ದುದು ಬಿ-52 ಬಾಂಬರ್. ಹಿಂದೆ ಎಕ್ಸ್-15ಗಳನ್ನು ಹೊತ್ತೊಯ್ದಿದ್ದ ವಿಮಾನವೇ ಅದು. ಸುಮಾರು 12 ಕಿಲೊಮೀಟರ್ ಎತ್ತರದಲ್ಲಿ ಕಳಚಿಕೊಂಡ ಪೆಗಾಸಸ್ ರಾಕೆಟ್ ಎಕ್ಸ್-43ಎಯನ್ನು ಬೇಕಾದ ವೇಗಕ್ಕೂ ಎತ್ತರಕ್ಕೂ ತಲುಪಿಸಬೇಕು. ಅಲ್ಲಿಂದ ಮುಂದೆ ಸ್ಕ್ರ್ಯಾಮ್‌ಜೆಟ್‌ನ ಸರದಿ.

2001ರ ಜೂನ್ 2ರ ಮೊದಲ ಯತ್ನದಲ್ಲಿ ರಾಕೆಟ್ಟೇ ಹತೋಟಿ ತಪ್ಪಿತು. ಅದನ್ನು ಆಕಾಶದಲ್ಲೇ ನಾಶಪಡಿಸಬೇಕಾಯಿತು. ಎಂಜಿನ್‌ಗೆ ಉರಿಯುವ ಅವಕಾಶವೇ ದೊರೆಯಲಿಲ್ಲ. ಅದರಲ್ಲಿ ಮನುಷ್ಯನಿದ್ದಿದ್ದರೆ ಯೋಜನೆ ಅಲ್ಲಿಗೇ ನಿಲ್ಲುತ್ತಿತ್ತೇನೋ. 2004ರ ಮಾರ್ಚ್ 27ರಂದು ಎರಡನೆಯ ಹಾರಾಟ ಯಶಸ್ವಿಯಾಯಿತು. ಸುಮಾರು 29 ಕಿಲೊಮೀಟರ್ ಎತ್ತರದಲ್ಲಿ, ಶಬ್ದದ 6.8 ಪಟ್ಟು ವೇಗದಲ್ಲಿ, ಸ್ಕ್ರ್ಯಾಮ್‌ಜೆಟ್ ಹತ್ತು ಹನ್ನೊಂದು ಸೆಕೆಂಡು ಉರಿಯಿತು. ಅದೇ ವರ್ಷದ ನವೆಂಬರ್ 16ರಂದು ಮೂರನೆಯ ವಿಮಾನ ಶಬ್ದದ ಸುಮಾರು 9.6 ಪಟ್ಟು ವೇಗವನ್ನು, ಎಂದರೆ ಗಂಟೆಗೆ 11,000 ಕಿಲೊಮೀಟರಿಗೂ ಹೆಚ್ಚು ವೇಗವನ್ನು ಮುಟ್ಟಿತು. ಎಂಜಿನ್ ಉರಿದದ್ದು ಈ ಸಲವೂ ಸುಮಾರು ಹತ್ತು ಸೆಕೆಂಡು. ಇಂಧನ ತೀರಿದ ಬಳಿಕ ಎರಡೂ ವಿಮಾನಗಳು ತೇಲುತ್ತ ಸಾಗಿ, ಯೋಜನೆಯಂತೆಯೇ ಶಾಂತಸಾಗರದಲ್ಲಿ ಮುಳುಗಿದವು. ಅವು ರೇಡಿಯೊ ಮೂಲಕ ಕಳಿಸಿದ ಅಳತೆಗಳಷ್ಟೇ ಉಳಿದವು. ಬೇಕಾಗಿದ್ದುದೂ ಅಷ್ಟೇ.

ಸ್ಕ್ರ್ಯಾಮ್‌ಜೆಟ್ ಆಕಾಶ ಕಂಡದ್ದು ಅದೇ ಮೊದಲಲ್ಲ. 1990ರ ದಶಕದಲ್ಲಿ ರಷ್ಯನ್ನರೂ, 2002ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದವರೂ ರಾಕೆಟ್ ತುದಿಯಲ್ಲಿ ಅದನ್ನು ಉರಿಸಿ ಪರೀಕ್ಷಿಸಿದ್ದರು. ಆದರೆ ಮೂತಿಯಿಂದ ಬಾಲದವರೆಗೆ ಎಂಜಿನ್ ಮತ್ತು ವಿಮಾನ ಒಂದಾಗಿ, ರಾಕೆಟ್‌ನಿಂದ ಬೇರ್ಪಟ್ಟು ಸ್ವತಂತ್ರವಾಗಿ ಹಾರಿದ ಕೀರ್ತಿ ಎಕ್ಸ್-43ಎಗೆ ಸಲ್ಲುತ್ತದೆ. ಸುರಂಗದಲ್ಲಿ ಅಳೆದದ್ದಕ್ಕೂ ಹಾರಾಟದಲ್ಲಿ ಕಂಡದ್ದಕ್ಕೂ ಹೊಂದಾಣಿಕೆ ಇತ್ತು ಎಂಬುದು ವೇಗದ ದಾಖಲೆಗಿಂತ ದೊಡ್ಡ ಫಲ.

ಆ ಬಳಿಕ ಮಾನವರಹಿತ ಪರೀಕ್ಷಾ ವಾಹನವೇ ಈ ಕ್ಷೇತ್ರದ ಹೆದ್ದಾರಿಯಾಯಿತು. 2013ರ ಮೇ 1ರಂದು ಅಮೆರಿಕದ ಎಕ್ಸ್-51 ಮೂರೂವರೆ ನಿಮಿಷ ಸ್ಕ್ರ್ಯಾಮ್‌ಜೆಟ್ ಬಲದಿಂದ ಸಾಗಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಇಸ್ರೊ 2016ರ ಆಗಸ್ಟ್ 28ರಂದು ಶ್ರೀಹರಿಕೋಟೆಯಿಂದ ರಾಕೆಟ್ ಹಾರಿಸಿ, ಅದಕ್ಕೆ ಜೋಡಿಸಿದ್ದ ಎರಡು ಸ್ಕ್ರ್ಯಾಮ್‌ಜೆಟ್ ಎಂಜಿನ್‌ಗಳನ್ನು ಐದು ಸೆಕೆಂಡು ಉರಿಸಿತು. 2020ರ ಸೆಪ್ಟೆಂಬರ್ 7ರಂದು ಒಡಿಶಾ ಕರಾವಳಿಯಿಂದ ಹಾರಿದ ಡಿಆರ್‌ಡಿಒದ ಮಾನವರಹಿತ ಪರೀಕ್ಷಾ ವಾಹನ ಶಬ್ದದ ಆರು ಪಟ್ಟು ವೇಗದಲ್ಲಿ ಇಪ್ಪತ್ತು ಸೆಕೆಂಡಿಗೂ ಹೆಚ್ಚು ಕಾಲ ಸ್ಕ್ರ್ಯಾಮ್‌ಜೆಟ್ ಚಾಲನೆಯಲ್ಲಿ ಸಾಗಿತು. ಈ ವಿದ್ಯೆ ಉಪಗ್ರಹಗಳನ್ನು ಅಗ್ಗವಾಗಿ ಮೇಲಕ್ಕೊಯ್ಯಲು ಒದಗಬಹುದು, ತಡೆಯಲಾಗದ ಕ್ಷಿಪಣಿಗಳಿಗೂ ಒದಗಬಹುದು. ಯುದ್ಧಕ್ಕಾಗಿ ಕಟ್ಟಿದ ಪ್ರಯೋಗಶಾಲೆಯಲ್ಲಿ ಕಲಿತು, ಅದೇ ಯುದ್ಧದಲ್ಲಿ ಆ ಪ್ರಯೋಗಶಾಲೆಯನ್ನು ಕೈಯಾರೆ ಕೆಡವಿದ ಫೆರ್ರಿಯವರಿಗೆ ಈ ಇಬ್ಬಗೆ ಅಪರಿಚಿತವಾಗಿರಲಿಲ್ಲ.

ಫೆರ್ರಿಯವರು ತಮ್ಮ ಎಂಜಿನ್‌ನ ಬಗ್ಗೆ ಹೇಳಿದ್ದೆಲ್ಲ ಕೈಗೂಡಿಲ್ಲ. ಗಾಳಿ ಉಸಿರಾಡುತ್ತ ಕಕ್ಷೆಗೇರುವ ವಿಮಾನ ಇಂದಿಗೂ ಕನಸಾಗಿಯೇ ಇದೆ. ಆದರೆ ಶಬ್ದಾತೀತ ಪ್ರವಾಹದಲ್ಲಿ ಜ್ವಾಲೆ ನಿಲ್ಲಲಾರದೆಂದು ಬಲ್ಲವರು ತಲೆಯಾಡಿಸುತ್ತಿದ್ದ ಕಾಲದಲ್ಲಿ ಅದನ್ನು ನಿಲ್ಲಿಸಿ ತೋರಿದವರಲ್ಲಿ ಅವರ ಹೆಸರು ಮುಂದಿದೆ. ಜಗತ್ತಿನ ಯಾವ ಮೂಲೆಯಲ್ಲಿ ಸ್ಕ್ರ್ಯಾಮ್‌ಜೆಟ್ ಹೊತ್ತಿಕೊಂಡರೂ, ನೊರ್ಚಿಯಾದ ಈ ಎಂಜಿನಿಯರ್ ಹಾಕಿಕೊಟ್ಟ ಮೇಲ್ಪಂಕ್ತಿಯ ಋಣ ಅದರ ಮೇಲಿದೆ.